ರಾಜ್ಯೋತ್ಸವಕ್ಕೆ ಮಕ್ಕಳ ಕೈಲಿ ಬಟ್ಟೆ ತೋರಣ: ಬಟ್ಟೆ ಎಷ್ಟು, ಕತ್ತರಿ ಯಾವುದು, ಅಂಟೋ ಹೊಲಿಗೆಯೋ?

ಮೂರನೇ_ಬೆಂಚು
ನವೆಂಬರ್ 1ಕ್ಕೆ ಶಾಲೆಯ ಸಭಾಂಗಣಕ್ಕೆ ಹಳದಿ-ಕೆಂಪು ತ್ರಿಕೋನ ಬಾವುಟದ ತೋರಣ ಬೇಕು. ಈ ಸಲ ಪ್ಲಾಸ್ಟಿಕ್ ಬೇಡ, ಬಟ್ಟೆಯದ್ದೇ ಆಗಲಿ, ಅದನ್ನೂ ಮಕ್ಕಳೇ ಮಾಡಲಿ ಅಂತ ತೀರ್ಮಾನ ಆಗಿದೆ. ಎರಡರಿಂದ ನಾಲ್ಕನೇ ಕ್ಲಾಸಿನ 30 ಮಕ್ಕಳು, ಎರಡು ಶನಿವಾರ, ಒಂದೊಂದು ದಿನ 80 ನಿಮಿಷ. 10 ಮೀಟರಿನ ಮೂರು ಸಾಲು ಆಗಬೇಕು. ಶಾಲೆಯಲ್ಲಿರೋದು ಕಾಗದ ಕತ್ತರಿಸುವ ಮೊಂಡು ತುದಿಯ ಕತ್ತರಿ. ಬಟ್ಟೆ ಅದರ ಬಾಯಿಗೆ ಸಿಕ್ಕಿ ಮಡಚಿಕೊಳ್ಳುತ್ತೆ, ಕತ್ತರಿಸೋದಿಲ್ಲ. ಒಂದು ಹೊಲಿಗೆ ಮಷೀನು ಇದೆ. ಪ್ರಶ್ನೆಗಳು: ಬಟ್ಟೆ ಯಾವುದು, ಎಷ್ಟು? ಅಂಚು ಬಿಚ್ಚಿಕೊಳ್ಳದ ಹಾಗೆ ಏನು ಮಾಡೋದು? ಈ ವಯಸ್ಸಿನ ಮಕ್ಕಳ ಕೈಗೆ ಸೂಜಿ ಕೊಡಬಹುದಾ?

ಕತ್ತರಿ_ಕಾಮಾಕ್ಷಿ
ಮೊದಲು ಲೆಕ್ಕ. ತ್ರಿಕೋನದ ಮೇಲಂಚು 6 ಇಂಚು, ಉದ್ದ 8 ಇಂಚು ಇಟ್ಕೊಳ್ಳಿ. ಇದಕ್ಕಿಂತ ಚಿಕ್ಕದಾದ್ರೆ ಸಭಾಂಗಣದಲ್ಲಿ ಕಾಣೋದೇ ಇಲ್ಲ. ಎರಡು ಬಾವುಟದ ಮಧ್ಯೆ 2 ಇಂಚು ಜಾಗ. 10 ಮೀಟರ್ ಅಂದ್ರೆ 394 ಇಂಚು, ಕಟ್ಟೋದಕ್ಕೆ ಎರಡೂ ತುದಿಗೆ 18-18 ಇಂಚು ಬಿಟ್ರೆ 358 ಉಳಿಯುತ್ತೆ. 8ರಿಂದ ಭಾಗಿಸಿದ್ರೆ ಸಾಲಿಗೆ 44 ಬಾವುಟ. ಮೂರು ಸಾಲಿಗೆ 132, ಅಂದ್ರೆ ಹಳದಿ 66, ಕೆಂಪು 66. ಒಂದು ಮಗುವಿಗೆ ನಾಲ್ಕೈದು ಬರುತ್ತೆ, ಅಷ್ಟು ಸಾಕು.

36 ಇಂಚು ಪನ್ನದ (ಅಗಲದ) ಹತ್ತಿ ಪಾಪ್ಲಿನ್ ತಗೊಳ್ಳಿ. ಬಟ್ಟೆಯನ್ನ 8 ಇಂಚಿನ ಅಡ್ಡಪಟ್ಟಿ ಮಾಡಿ, ಒಂದು ತ್ರಿಕೋನ ನೆಟ್ಟಗೆ, ಪಕ್ಕದ್ದು ತಲೆಕೆಳಗೆ, ಹೀಗೆ ಜೋಡಿಸಿದ್ರೆ ಒಂದು ಪಟ್ಟಿಯಲ್ಲಿ 11 ಸಿಗುತ್ತೆ. 66ಕ್ಕೆ 6 ಪಟ್ಟಿ, 48 ಇಂಚು. ಒಂದೊಂದು ಬಣ್ಣದ್ದು ಒಂದೂವರೆ ಮೀಟರ್ ಸಾಕು. ಎರಡು ಪದರ ಹೊಲಿದು ಮಗುಚೋ ಕೆಲಸಕ್ಕೆ ಕೈ ಹಾಕಬೇಡಿ. ಬಟ್ಟೆ ಎರಡರಷ್ಟಾಗುತ್ತೆ, ತುದಿಯ ಮೂಲೆ ಚೂಪಾಗಿ ಹೊರಗೆ ಬರೋದಿಲ್ಲ, ಮಕ್ಕಳು ಪೆನ್ಸಿಲ್ ಹಾಕಿ ತಳ್ಳಿ ತೂತು ಮಾಡ್ತಾರೆ.

ದಬ್ಬಳ
36 ಇಂಚಿನಲ್ಲಿ 11 ಬರೋದು ಪುಸ್ತಕದ ಲೆಕ್ಕ ಕಾಮಾಕ್ಷಿಯವರೇ. ಎರಡೂ ಬದಿ ನೇಯ್ಗೆಯ ಗಟ್ಟಿ ಅಂಚು ತೆಗೆದ್ರೆ 35 ಉಳಿಯುತ್ತೆ, ಆಗ 10. 66ಕ್ಕೆ 7 ಪಟ್ಟಿ, 56 ಇಂಚು. ತೊಳೆದಾಗ ಪಾಪ್ಲಿನ್ ಸ್ವಲ್ಪ ಕುಗ್ಗುತ್ತೆ ಬೇರೆ. ಒಂದೂವರೆ ಮೀಟರ್ ಅಂದ್ರೆ 59 ಇಂಚು, ಎಳೆದಾಡಬೇಕಾಗುತ್ತೆ. ಒಂದೂ ಮುಕ್ಕಾಲು ಮೀಟರ್ ತಗೊಳ್ಳಿ.

ಕತ್ತರಿ_ಕಾಮಾಕ್ಷಿ
ಅಂಚು ಯಾಕೆ ತೆಗೀತೀರಿ ದಬ್ಬಳದವರೇ? ಒಂದೇ ಪದರದ ತ್ರಿಕೋನ. ಅಂಚು ತಾಗೋದು ಪಟ್ಟಿಯ ಎರಡು ತುದಿಯ ತ್ರಿಕೋನಗಳ ಒಂದೊಂದು ಮೂಲೆಗೆ ಮಾತ್ರ. ಆ ಮೂಲೆ ಬಾವುಟಗಳನ್ನ ಸಾಲಾಗಿ ಜೋಡಿಸೋ ಮೇಲಿನ ಲಾಡಿಯೊಳಗೆ ಹೋಗಿ ಮುಚ್ಚಿಹೋಗುತ್ತೆ. ಆದ್ರೂ ಮಕ್ಕಳ ಕೆಲಸ, ನಾಲ್ಕು ಹಾಳಾಗುತ್ತೆ ಅನ್ನೋ ಲೆಕ್ಕಕ್ಕೆ ಒಂದೂ ಮುಕ್ಕಾಲು ಒಪ್ಪಿದೆ.

ಹತ್ತಿಮರ
ಅಂಗಡಿಯಲ್ಲಿ "ಕಾಟನ್" ಅಂತ ಕೊಡೋದರಲ್ಲಿ ಅರ್ಧ ಟೆರಿಕಾಟ್ (ಹತ್ತಿ-ಪಾಲಿಯೆಸ್ಟರ್ ಬೆರಕೆ) ಇರುತ್ತೆ. ಎರಡು ಎಳೆ ದಾರ ಕಿತ್ತು ಬೆಂಕಿ ಕಡ್ಡಿ ತಾಗಿಸಿ ನೋಡಿ. ಹತ್ತಿಯಾದ್ರೆ ಕಾಗದ ಸುಟ್ಟ ವಾಸನೆ, ಮೆತ್ತನೆ ಬೂದಿ. ತುದಿಯಲ್ಲಿ ಗಟ್ಟಿ ಮಣಿ ಕಟ್ಟಿದ್ರೆ ಅದು ಪಾಲಿಯೆಸ್ಟರ್. ಈ ಪರೀಕ್ಷೆ ದೊಡ್ಡವರಿಗೆ ಮಾತ್ರ.

ಸುಮ್ನೆ_ಓದುಗ
ಬಟ್ಟೆ ಯಾಕೆ ಕೊಳ್ತೀರಿ? ಪ್ರತಿ ಮನೆಯ ಬೀರುವಿನಲ್ಲಿ ಅರಿಶಿನ-ಕುಂಕುಮದ ಜೊತೆ ಬಂದ ಬ್ಲೌಸ್ ಪೀಸುಗಳು ಹತ್ತಿವೆ.

ಕತ್ತರಿ_ಕಾಮಾಕ್ಷಿ
ಅದು ಒಳ್ಳೇ ಮಾತು! ಬ್ಲೌಸ್ ಪೀಸ್ ಸಾಮಾನ್ಯವಾಗಿ 80 ಸೆಂಟಿಮೀಟರ್. 36 ಇಂಚು ಪನ್ನ ಇದ್ರೆ ಮೂರು ಪಟ್ಟಿ, 33 ತ್ರಿಕೋನ. ಒಂದು ಬಣ್ಣಕ್ಕೆ ಎರಡು ಪೀಸಲ್ಲೇ 66 ಬಂದುಬಿಡುತ್ತೆ. ಆದ್ರೆ ತಾಂಬೂಲದ ಪೀಸಲ್ಲಿ ತುಂಬ ತೆಳುವಾದವು, ಜಾರೋ ಬಟ್ಟೆಗಳು ಜಾಸ್ತಿ. ಟೂ ಬೈ ಟೂ ರುಬಿಯಾ ಅನ್ನೋ ಬ್ಲೌಸ್ ಬಟ್ಟೆ ಇದ್ರೆ ಆರಿಸಿ, ಮಕ್ಕಳ ಸೂಜಿಗೆ ಪಾಪ್ಲಿನ್ನಿಗಿಂತ ಅದೇ ಸುಲಭ.

ದಬ್ಬಳ
ಒಂದೊಂದು ಮನೆಯ ಹಳದಿ ಒಂದೊಂದು ಥರ ಇರುತ್ತೆ. ನಿಂಬೆ ಹಳದಿ, ಅರಿಶಿನ ಹಳದಿ, ಸಾಸಿವೆ ಹಳದಿ ಒಂದೇ ಸಾಲಲ್ಲಿ ನೇತಾಡಿದ್ರೆ ಒಗೆದು ಹಾಕಿದ ಬಟ್ಟೆಯ ಹಗ್ಗ ಕಂಡ ಹಾಗೆ ಕಾಣುತ್ತೆ.

ಹತ್ತಿಮರ
ಕೆಂಪು ಒಂದೇ ಥರದ್ದು ಕೊಂಡು, ಹಳದಿ ಮಾತ್ರ ಮನೆಗಳಿಂದ ತರಿಸಿ. ಕಣ್ಣಿಗೆ ಹಿತವಾಗೇ ಇರುತ್ತೆ.

ಮೂರನೇ_ಬೆಂಚು
ಲೆಕ್ಕ ಅರ್ಥ ಆಯ್ತು, ಧನ್ಯವಾದ. ಕತ್ತರಿಯ ಸಮಸ್ಯೆಗೆ ಬನ್ನಿ. ಅಂಚು ಹಲ್ಲುಹಲ್ಲಾಗಿ ಕತ್ತರಿಸೋ ಜಿಗ್‌ಜ್ಯಾಗ್ ಕತ್ತರಿ ತರಿಸ್ಲಾ?

ಕತ್ತರಿ_ಕಾಮಾಕ್ಷಿ
ನಿಮ್ಮ ಕೈಗೆ ಒಂದು ತರಿಸಿಕೊಳ್ಳಿ, ಮಕ್ಕಳಿಗಲ್ಲ. ಅದು ಭಾರ, ಹಿಡಿ ದೊಡ್ಡದು, ಎಂಟು ವರ್ಷದ ಮಗುವಿನ ಬೆರಳು ಅದನ್ನ ಪೂರ್ತಿ ಮುಚ್ಚಲಾರದು. ಅರ್ಧ ಮುಚ್ಚಿ ತೆಗೆದ್ರೆ ಹಲ್ಲಿನ ಸಾಲು ತಪ್ಪಿ ಅಂಚು ಹರಿದ ಹಾಗಾಗುತ್ತೆ. ಕಾಗದ ಕತ್ತರಿಸಿ ಅದರ ಹರಿತ ಹಾಳು ಮಾಡಬೇಡಿ.

ಹತ್ತಿಮರ
ಕತ್ತರಿ ಬದಲಾಯಿಸೋದು ಬೇಡ, ಬಟ್ಟೆಯನ್ನ ಬದಲಾಯಿಸಿ. ಗಂಜಿ ಹಾಕಿ. ಗಟ್ಟಿ ಗಂಜಿ ಹಾಕಿ ಇಸ್ತ್ರಿ ಮಾಡಿದ ಹತ್ತಿ ಬಟ್ಟೆ ಡ್ರಾಯಿಂಗ್ ಹಾಳೆಯಂತೆ ನಿಲ್ಲುತ್ತೆ. ಶಾಲೆಯ ಮೊಂಡು ಕತ್ತರಿಯೇ ಸಾಕು. ಅಂಚಿನ ಎಳೆಗಳು ಒಂದಕ್ಕೊಂದು ಅಂಟಿಕೊಂಡಿರೋದ್ರಿಂದ ಬಿಚ್ಚಿಕೊಳ್ಳೋದೂ ಕಮ್ಮಿ. ನಿಮ್ಮ ಎರಡು ಪ್ರಶ್ನೆಗೂ ಒಂದೇ ಉತ್ತರ.

ಅಳತೆ: ಒಂದು ಲೀಟರ್ ನೀರಿಗೆ 4 ದೊಡ್ಡ ಚಮಚ ಮೈದಾ. ಮೈದಾವನ್ನ ಮೊದಲು ಒಂದು ಲೋಟ ತಣ್ಣೀರಲ್ಲಿ ಗಂಟಿಲ್ಲದೆ ಕಲಸಿ, ಉಳಿದ ನೀರು ಕುದಿಯುವಾಗ ತೆಳ್ಳಗೆ ಸುರಿಯುತ್ತ ತಿರುವಿ. ಬಿಳಿ ಬಣ್ಣ ಹೋಗಿ ಸ್ವಲ್ಪ ಪಾರದರ್ಶಕ ಆದಾಗ ಇಳಿಸಿ, ಬಟ್ಟೆಯಲ್ಲಿ ಸೋಸಿ. ಸೋಸದಿದ್ರೆ ಗಂಟುಗಳು ಕೆಂಪು ಬಟ್ಟೆ ಮೇಲೆ ಬಿಳಿ ಚುಕ್ಕೆಯಾಗಿ ಉಳಿಯುತ್ತೆ. ನಿಮ್ಮ ಮೂರೂವರೆ ಮೀಟರಿಗೆ ಎರಡು ಲೀಟರ್ ಸಾಕು. ಬಟ್ಟೆಯನ್ನ ಮೊದಲು ತೊಳೆದು ಅಂಗಡಿಯ ಪಾಲಿಶ್ ತೆಗೆಯಿರಿ, ಇಲ್ಲದಿದ್ರೆ ಗಂಜಿ ಒಳಗೆ ಇಳಿಯೋದಿಲ್ಲ. ಹಳದಿ ಮೊದಲು ಅದ್ದಿ, ಕೆಂಪು ಆಮೇಲೆ. ಹಿಂಡಿ, ಕೊಡವಿ, ನಾಲ್ಕು ಮೂಲೆ ಸಮ ಎಳೆದು ನೆರಳಲ್ಲಿ ಹಾಕಿ. ಓರೆಯಾಗಿ ಒಣಗಿದ್ರೆ ತ್ರಿಕೋನವೂ ಓರೆ. ಇನ್ನೂ ಸ್ವಲ್ಪ ಪಸೆ ಇರುವಾಗಲೇ ಇಸ್ತ್ರಿ. ಪೂರ್ತಿ ಒಣಗಿದ ಮೇಲೆ ಇಸ್ತ್ರಿ ಮಾಡಿದ್ರೆ ಸುಕ್ಕು ಹೋಗೋದಿಲ್ಲ.

ಸುಮ್ನೆ_ಓದುಗ
ಅನ್ನದ ಗಂಜಿ ಆಗಲ್ವಾ?

ಹತ್ತಿಮರ
ಆಗುತ್ತೆ. ಬಸಿದ ತಿಳಿಯನ್ನ ಅರ್ಧಕ್ಕೆ ಇಂಗಿಸಿ. ಹಾಗೇ ಹಾಕಿದ್ರೆ ಸೀರೆಗೆ ಸರಿ, ಈ ಕೆಲಸಕ್ಕೆ ಮೆತ್ತಗಾಗುತ್ತೆ.

ಹಳೇಪೇಟೆ_67
ಮೈದಾ ಗಂಜಿಗೆ ಒಂದು ಚಿಟಿಕೆ ಮೈಲುತುತ್ತ ಹಾಕಿ, ಹುಳ ಬರಲ್ಲ. ಪುಸ್ತಕ ಬೈಂಡಿಂಗ್ ಮಾಡೋರು ಹಾಕ್ತಾರೆ.

ಕಡಲತಡಿ_ಭಟ್ರು
ಬೇಡ ಮಾರಾಯ್ರೆ! ಮೈಲುತುತ್ತ ವಿಷ. ಅಡಿಕೆ ತೋಟಕ್ಕೆ ಬೋರ್ಡೋ ದ್ರಾವಣದಲ್ಲಿ ಹೊಡೆಯುದು ಅದೇ. ಬೈಂಡಿಂಗಿಗೆ ಸರಿ, ಮಕ್ಕಳು ಬಟ್ಟೆಯ ತುದಿ ಬಾಯಿಗೆ ಹಾಕುದು ಯಾರಿಗೆ ಗೊತ್ತಿಲ್ಲ? ನಾಲ್ಕು ದಿನದ ತೋರಣಕ್ಕೆ ಹುಳದ ಚಿಂತೆ ಯಾಕೆ.

ಹಳೇಪೇಟೆ_67
ಸರಿ ಬಿಡಿ, ಅದು ಹೊಳೀಲಿಲ್ಲ.

ಬಣ್ಣದ_ಡಬ್ಬಿ
ಗಂಜಿಯಲ್ಲಿ ಒಂದು ತೊಡಕಿದೆ, ಯಾರೂ ಹೇಳಲಿಲ್ಲ. ಮಕ್ಕಳು ಬಾವುಟದ ಮೇಲೆ ಅಚ್ಚು ಹಾಕೋದಿದ್ರೆ ಫ್ಯಾಬ್ರಿಕ್ ಪೇಂಟ್ ಗಂಜಿಯ ಮೇಲೆ ಕೂರುತ್ತೆ, ನೂಲಿಗೆ ಇಳಿಯೋದಿಲ್ಲ. ಮೊದಲ ಒಗೆತಕ್ಕೆ ಗಂಜಿ ಜೊತೆ ಬಣ್ಣವೂ ಸಿಪ್ಪೆ ಏಳುತ್ತೆ. ಮುಂದಿನ ವರ್ಷಕ್ಕೂ ಬೇಕು ಅಂದ್ರೆ ಕ್ರಮ ಹೀಗಿರಲಿ: ತೊಳೆಯೋದು, ಪಟ್ಟಿ ಮಾಡೋದು, ಪೆನ್ಸಿಲಲ್ಲಿ ತ್ರಿಕೋನ ಬರೆಯೋದು, ಅಚ್ಚು ಹಾಕೋದು, ಒಂದು ದಿನ ಒಣಗಿಸಿ ಹಿಂಬದಿಯಿಂದ ಮೂರು-ನಾಲ್ಕು ನಿಮಿಷ ಇಸ್ತ್ರಿ. ಅದಾದ ಮೇಲೆ ಗಂಜಿ, ಕೊನೆಗೆ ಕತ್ತರಿ. ನಿಮಗೆ ಎರಡು ಶನಿವಾರ ಇರೋದ್ರಿಂದ ಸರಿಯಾಗಿ ಕೂರುತ್ತೆ. ಮೊದಲ ಶನಿವಾರ ಗೆರೆ ಮತ್ತು ಅಚ್ಚು, ನಡುವಿನ ವಾರದಲ್ಲಿ ಇಸ್ತ್ರಿ-ಗಂಜಿ ನಿಮ್ಮ ಪಾಲು, ಎರಡನೇ ಶನಿವಾರ ಕತ್ತರಿ ಮತ್ತು ಹೊಲಿಗೆ.

ಅಚ್ಚಿಗೆ ಬೆಂಡೆಕಾಯಿಗಿಂತ ಒಳ್ಳೇದಿಲ್ಲ. ಅಡ್ಡ ಕತ್ತರಿಸಿದ್ರೆ ಐದೆಸಳಿನ ಹೂವು ಸಿದ್ಧ. ಕತ್ತರಿಸಿದ ಬಾಯಿಯನ್ನ ಹಳೇ ಪೇಪರಿನ ಮೇಲೆ ಒತ್ತಿ ಲೋಳೆ ಒರೆಸಿ, ಇಲ್ಲದಿದ್ರೆ ಬಣ್ಣ ಜಾರುತ್ತೆ. ಬಣ್ಣದ ತಟ್ಟೆಯಲ್ಲಿ ಸ್ಪಾಂಜ್ ಇಟ್ಟು ಅದರ ಮೇಲೆ ಒತ್ತಿಸಿ. ನೇರ ಬಣ್ಣದಲ್ಲಿ ಅದ್ದಿದ್ರೆ ಹೂವಿನ ಬದಲು ಗುಡ್ಡೆ ಬೀಳುತ್ತೆ. ಹಳದಿ ಮೇಲೆ ಕೆಂಪು ಚೆನ್ನಾಗಿ ಬರುತ್ತೆ, ಕೆಂಪು ಮೇಲೆ ಸಾದಾ ಹಳದಿ ಮುಳುಗಿಹೋಗುತ್ತೆ. ಮೊದಲು ಬಿಳಿ ಅಚ್ಚು ಹಾಕಿ ಒಣಗಿಸಬೇಕು, ಇಲ್ಲವೇ ಬಿಳಿಯನ್ನೇ ಹಾಗೇ ಬಿಡಿ.

ಕತ್ತರಿ_ಕಾಮಾಕ್ಷಿ
ಬಣ್ಣದ ಡಬ್ಬಿಯವರ ಕ್ರಮವೇ ಸರಿ. ಪಟ್ಟಿ ಮಾಡುವಾಗ ಕತ್ತರಿಸಬೇಡಿ, ಅಂಚಿನಲ್ಲಿ ಒಂದು ಇಂಚು ಕಚ್ಚು ಕೊಟ್ಟು ಹರಿಯಿರಿ. ಪಾಪ್ಲಿನ್ ಎಳೆಯ ದಾರಿಯಲ್ಲೇ ನೆಟ್ಟಗೆ ಹರಿಯುತ್ತೆ. ಅಂಚಲ್ಲಿ ಒಂದೆರಡು ಎಳೆ ಹೋಗುತ್ತೆ, ಹಾಗಾಗಿ 8 ಬದಲು 8 ಕಾಲು ಇಂಚಿಗೆ ಹರಿಯಿರಿ. 12 ಪಟ್ಟಿ, ಎರಡು-ಮೂರು ಮಕ್ಕಳಿಗೆ ಒಂದು ಪಟ್ಟಿ. ಹರಿಯೋ ಕೆಲಸ ಮಕ್ಕಳಿಗೇ ಕೊಡಿ, ಆ ಸದ್ದು ಕೇಳೋಕೆ ಜಗಳ ಆಡ್ತಾರೆ.

ಗೆರೆ ಎಳೆಯೋ ಅಚ್ಚುತ್ರಿಕೋನ ರಟ್ಟಿನದ್ದು ಬೇಡ, ಇಪ್ಪತ್ತು ಸಲ ಪೆನ್ಸಿಲ್ ಓಡಿದ್ರೆ ಅಂಚು ಸವೆದು ಪ್ರತಿ ಬಾವುಟ ಚಿಕ್ಕದಾಗುತ್ತ ಹೋಗುತ್ತೆ. ಹಳೇ ಎಕ್ಸ್‌ರೇ ಹಾಳೆ ಅಥವಾ ಫೈಲಿನ ಪ್ಲಾಸ್ಟಿಕ್ಕಲ್ಲಿ ಮಾಡಿ, ಹಿಂದೆ ಚೂರು ಉಪ್ಪುಕಾಗದ ಅಂಟಿಸಿ. ಬಟ್ಟೆ ಮೇಲೆ ಜಾರೋದಿಲ್ಲ.

ಗರಗದ_ದಾರಿ
ನಡುವ ಬಾಯಿ ಹಾಕ್ತೀನ್ರಿ. ಇದೇ ಲೆಕ್ಕದಾಗ ಆಗಸ್ಟ್ 15ಕ್ಕ ಕೇಸರಿ, ಬಿಳಿ, ಹಸಿರು ಪಟ್ಟಿ ಹೊಲದು ನಡುವ ಚಕ್ರ ಬರದು ತೋರಣ ಮಾಡೋರು ಭಾಳ ಮಂದಿ ಅದಾರ. ಅದನ್ನ ಮಾಡಬ್ಯಾಡ್ರಿ. 2002ರ ಧ್ವಜ ಸಂಹಿತೆಯೊಳಗ ರಾಷ್ಟ್ರಧ್ವಜಾನ ತೋರಣ, ಅಲಂಕಾರ ಅಂತ ಬಳಸಬಾರದು ಅಂತ ಸ್ಪಷ್ಟ ಅದ. ಅದರ ಮ್ಯಾಲ ಏನೂ ಬರೀಲಿಕ್ಕೂ ಬರಂಗಿಲ್ಲ. 1971ರ ರಾಷ್ಟ್ರಗೌರವಕ್ಕ ಅವಮಾನ ತಡೆಯೋ ಕಾಯ್ದೆಯೊಳಗ ಧ್ವಜ ಅಂದ್ರ ಅದರ ಚಿತ್ರ, ಅದರ ಭಾಗ ಸೈತ ಸೇರ್ತಾವ. ಒಂದು ಕೇಸರಿ ತ್ರಿಕೋನ, ಒಂದು ಬಿಳಿ, ಒಂದು ಹಸಿರು, ಚಕ್ರ ಇಲ್ಲದ ಬಿಡಿಬಿಡಿ ಹಾಕಿದ್ರ ಅದು ಬರೇ ಬಣ್ಣದ ತೋರಣ.

ಸುಮ್ನೆ_ಓದುಗ
ಹಾಗಾದ್ರೆ ಹಳದಿ-ಕೆಂಪಿಗೂ ಇದೇ ನಿಯಮ ಇದೆಯಾ?

ಗರಗದ_ದಾರಿ
ಇಲ್ರೀ. ಮ. ರಾಮಮೂರ್ತಿಯವರು ಕನ್ನಡ ಚಳವಳಿಗೆ ಅಂತ 1960ರ ದಶಕದಾಗ ರೂಪಿಸಿದ ಬಾವುಟ ಅದು. ಕಾನೂನಿನ ಪ್ರಕಾರ ರಾಜ್ಯಧ್ವಜ ಅಂತ ಮಾನ್ಯತೆ ಇಲ್ಲ. ಹಂಗಂತ ನೆಲಕ್ಕ ಹಾಕಿ ತುಳೀಬ್ಯಾಡ್ರಿ ಮತ್ತ.

ಅಕ್ಷರಪ್ರೇಮಿ
2018ರ ಮಾರ್ಚಿನಲ್ಲಿ ಸರ್ಕಾರ ಹಳದಿ-ಬಿಳಿ-ಕೆಂಪು, ಮಧ್ಯೆ ಗಂಡಭೇರುಂಡ ಇರೋ ಬಾವುಟ ಮುಂದಿಟ್ಟಿತ್ತಲ್ಲ. ಬಿಳಿ ತ್ರಿಕೋನ ಸೇರಿಸಿ, ಅಚ್ಚು ಹಾಕೋಕೂ ಸುಲಭ.

ದಬ್ಬಳ
ಶುರುವಾಯ್ತು. ಆ ಬಿಳಿ ಬೇಕಾ ಬೇಡವಾ ಅನ್ನೋದಕ್ಕೆ ಬೇರೆ ಚರ್ಚೆ ತೆಗೀರಿ, ಅಲ್ಲಿ ನೂರು ಉತ್ತರ ಬರುತ್ತೆ. ಇಲ್ಲಿ ಹಳದಿ-ಕೆಂಪು ಸಾಕು.

ಗರಗದ_ದಾರಿ
ದಬ್ಬಳ ಅಣ್ಣಾರ ಮಾತು ಖರೆ. ಇನ್ನೊಂದು ಮಾತು ಹೇಳಿ ಸುಮ್ಮನಾಗ್ತೀನಿ. ಹುಬ್ಬಳ್ಳಿ ಬೆಂಗೇರಿಯೊಳಗ ಖಾದಿ ರಾಷ್ಟ್ರಧ್ವಜ ಮಾಡೋ ಕೇಂದ್ರ ಅದ. ಅಲ್ಲಿ ಒಂಬತ್ತು ಅಳತಿ, ದೊಡ್ಡದು 21 ಅಡಿಗೆ 14 ಅಡಿ, ಎಲ್ಲಾದಕ್ಕೂ ಉದ್ದ-ಅಗಲ 3ಕ್ಕ 2. ಚಕ್ರ ಎರಡೂ ಬದಿ ಒಂದರ ಮ್ಯಾಲ ಒಂದು ತಪ್ಪದ ಕೂಡಬೇಕು. ನಾಲ್ಕನೇತ್ತೆ ಹುಡುಗ್ರಿಗೆ ಪ್ರಮಾಣ ಕಲಿಸಲಿಕ್ಕ ಇದಕಿಂತ ಚಲೋ ಉದಾಹರಣಿ ಸಿಗಂಗಿಲ್ಲ. ಕಾಗದದ ಎರಡೂ ಬದಿ ಚಕ್ರ ಬರಸಿ ಬೆಳಕಿಗೆ ಹಿಡದು ತೋರಸ್ರಿ, ಎರಡೂ ಬದಿ ಕೂಡಿಸೋದು ಎಷ್ಟು ಕಷ್ಟ ಅಂತ ಅವ್ರಿಗೇ ತಿಳೀತದ.

ಕಡಲತಡಿ_ಭಟ್ರು
ಬಣ್ಣದ ಬಟ್ಟೆ ಕೊಳ್ಳುದು ಬಿಟ್ಟು ಬಿಳಿ ಬಟ್ಟೆಗೆ ಮಕ್ಕಳಿಂದಲೇ ಬಣ್ಣ ಹಾಕಿಸಬಹುದು. ಅರಿಶಿನ ಹಳದಿ ಕೊಡ್ತದೆ, ಅದಕ್ಕೆ ಸುಣ್ಣದ ನೀರು ತಾಗಿದ್ರೆ ಕೆಂಪು. ಆರತಿಯ ಕೆಂಪು ನೀರು ಅದೇ ಅಲ್ವಾ. ಒಂದೇ ಪಾತ್ರೆಯಿಂದ ಬಾವುಟದ ಎರಡೂ ಬಣ್ಣ!

100 ಗ್ರಾಂ ತೂಕದ ಹತ್ತಿ ಬಟ್ಟೆಗೆ ಒಂದೂವರೆ ಲೀಟರ್ ನೀರು, 2 ದೊಡ್ಡ ಚಮಚ ಅರಿಶಿನ. ಅರ್ಧ ಗಂಟೆ ಸಣ್ಣ ಉರಿಯಲ್ಲಿ ಬಟ್ಟೆ ಮುಳುಗಿಸಿಡಿ, ತಣ್ಣಗಾದ ಮೇಲೆ ತಣ್ಣೀರಲ್ಲಿ ಜಾಲಿಸಿ. ಸಾಬೂನು ಮುಟ್ಟಿಸಬೇಡಿ, ಅಲ್ಲಲ್ಲಿ ಕೆಂಪು ಕಲೆ ಬರ್ತದೆ. ಮಕ್ಕಳ ಕೈಗೆ ಸುಣ್ಣ ಕೊಡುದು ಬೇಡ, ಕಣ್ಣಿಗೆ ಹೋದ್ರೆ ಕಷ್ಟ. ಅಡುಗೆ ಸೋಡ ಒಂದು ಚಮಚವನ್ನು ಅರ್ಧ ಲೋಟ ನೀರಿಗೆ ಕಲಸಿ ಬ್ರಶ್ ಕೊಡಿ. ಹಳದಿ ಬಟ್ಟೆಯ ಮೇಲೆ ನೀರಿನಲ್ಲಿ ಬರೆದ ಹಾಗೆ ಬರೆದ್ರೆ ಕಿತ್ತಳೆಗೆಂಪು ಗೆರೆ ಮೂಡ್ತದೆ. ತಪ್ಪಾದಲ್ಲಿ ನಿಂಬೆರಸ ಹಚ್ಚಿದ್ರೆ ಪುನಃ ಹಳದಿ.

ಬಣ್ಣದ_ಡಬ್ಬಿ
ಭಟ್ರೇ, ಆಟಕ್ಕೆ ಚೆಂದ, ತೋರಣಕ್ಕಲ್ಲ. ಅರಿಶಿನದ ಹಳದಿ ಬಿಸಿಲಿಗೆ ನಿಲ್ಲೋದಿಲ್ಲ, ಕೆಲವೇ ದಿನದಲ್ಲಿ ಬೆಳ್ಳಗಾಗುತ್ತೆ. ಕ್ಷಾರ (ಸುಣ್ಣ, ಸೋಡ) ತಾಗಿದ ಕೆಂಪು ಇನ್ನೂ ದುರ್ಬಲ. ಗಾಳಿಯ ಇಂಗಾಲದ ಡೈಆಕ್ಸೈಡ್ ಕ್ಷಾರವನ್ನ ತಗ್ಗಿಸುತ್ತೆ, ಬಣ್ಣದ ಅಣುವೂ ಕ್ಷಾರದಲ್ಲಿ ಒಡೆಯುತ್ತೆ. ಸಂಜೆಯ ಕೆಂಪು ಕೆಲವೇ ದಿನದಲ್ಲಿ ಕಂದು.

ಕಡಲತಡಿ_ಭಟ್ರು
ಹಾಗಂತ ನಾನೂ ಒಪ್ತೇನೆ. ತೋರಣ ಪಾಪ್ಲಿನ್ನಲ್ಲಿ ಮಾಡಿ, ಕ್ಲಾಸಿನ ಒಳಗಿನ ಗೋಡೆಗೆ ಒಂದು ಸಾಲು ಅರಿಶಿನದ್ದು ಹಾಕಿ. ವಿಜ್ಞಾನದ ಪಾಠ ಒಂದು ಉಳಿಯಿತಲ್ಲ.

ಹಳೇಪೇಟೆ_67
ಕೆಂಪು ಪಾಪ್ಲಿನ್ ಬಣ್ಣ ಬಿಡುತ್ತೆ. ಉಪ್ಪು ನೀರಲ್ಲಿ ರಾತ್ರಿ ನೆನೆಸಿ, ಬಣ್ಣ ಕೂರುತ್ತೆ.

ಬಣ್ಣದ_ಡಬ್ಬಿ
ಈ ಉಪ್ಪಿನ ಮಾತು ಎಲ್ಲ ಕಡೆ ಓಡಾಡುತ್ತೆ, ಆದ್ರೆ ಸರಿಯಲ್ಲ. ಉಪ್ಪು ಬಣ್ಣ ಹಾಕುವಾಗ ನೂಲು ಬಣ್ಣ ಹೀರೋದಕ್ಕೆ ನೆರವಾಗುತ್ತೆ. ಬಟ್ಟೆಯಾಗಿ ಅಂಗಡಿಗೆ ಬಂದ ಮೇಲೆ ಸಡಿಲ ಬಣ್ಣವನ್ನ ಅದು ಕಟ್ಟಿಹಾಕೋದಿಲ್ಲ. ವಿನೆಗರ್ ಕಥೆಯೂ ಅಷ್ಟೇ. ಮಾಡಬೇಕಾದ್ದು ಸರಳ: ಕೆಂಪನ್ನ ಬೇರೆ ಬಕೆಟ್ಟಲ್ಲಿ, ನೀರು ತಿಳಿಯಾಗೋ ತನಕ ಜಾಲಿಸಿ. ಆಮೇಲೆ ಒದ್ದೆ ಬಿಳಿ ಚೂರು ಒತ್ತಿ ಉಜ್ಜಿ ನೋಡಿ. ಗುಲಾಬಿ ಕಲೆ ಬಂದ್ರೆ ಆ ಬಟ್ಟೆ ಹೊರಗೆ ಕಟ್ಟೋದಕ್ಕೆ ಬೇಡ. ನವೆಂಬರ್ ಮೊದಲ ವಾರ ಬೆಂಗಳೂರು ಕಡೆ ಹಿಂಗಾರು ಮಳೆ ಇದ್ದೇ ಇರುತ್ತೆ, ಹಳದಿ ಮೇಲೆ ಕೆಂಪು ಇಳಿದ್ರೆ ತೆಗೆಯೋಕೆ ಆಗೋದಿಲ್ಲ.

ಮೂರನೇ_ಬೆಂಚು
ಕಟ್ಟೋದು ಒಳಗೇ, ಸಭಾಂಗಣದಲ್ಲಿ. ಹಾಗಾಗಿ ಮಳೆ ಚಿಂತೆ ಇಲ್ಲ. ಈಗ ಹಗ್ಗಕ್ಕೆ ಸೇರಿಸೋದು ಹೇಗೆ ಹೇಳಿ. ಅಂಟಾ, ಸೂಜಿಯಾ?

ಸುಮ್ನೆ_ಓದುಗ
ಸ್ಟೇಪ್ಲರ್. ಹತ್ತು ನಿಮಿಷದ ಕೆಲಸ.

ಕತ್ತರಿ_ಕಾಮಾಕ್ಷಿ
ಸ್ಟೇಪ್ಲರ್ ಪಿನ್ನು ತುಕ್ಕು ಹಿಡಿದು ಹಳದಿ ಮೇಲೆ ಕಂದು ಚುಕ್ಕೆ ಬಿಡುತ್ತೆ. ಹಿಂಬದಿ ಮಡಚಿದ ಪಿನ್ನು ಕಟ್ಟುವಾಗ, ಬಿಚ್ಚುವಾಗ ಬೆರಳಿಗೆ ಗೀರುತ್ತೆ. ಬೇಡ.

ಒಂದು ಇಂಚು ಅಗಲದ ಹತ್ತಿ ಲಾಡಿ 30 ಮೀಟರ್ ತಗೊಳ್ಳಿ. ಅದನ್ನ ಉದ್ದಕ್ಕೆ ಅರ್ಧ ಮಡಚಿ ಇಸ್ತ್ರಿ ಮಾಡಿ, ಮಡಿಕೆಯೊಳಗೆ ತ್ರಿಕೋನದ ಮೇಲಂಚು ತೂರಿಸಿ, ಬಟ್ಟೆ ಒಣಹಾಕೋ ಕ್ಲಿಪ್ ಹಾಕಿ ಹಿಡಿಸಿ. ಗುಂಡುಪಿನ್ನು ಬೇಡ, ನೆಲಕ್ಕೆ ಬಿದ್ದದ್ದು ಎಣಿಕೆಗೆ ಸಿಗೋದಿಲ್ಲ. ಹಾಗೇ ಮಷೀನಲ್ಲಿ ಒಂದು ಓಟ ಹೊಲಿದ್ರೆ ಸಾಲು ಮುಗಿಯಿತು. ಕೈ ಹೊಲಿಗೆಯೂ ಆಗುತ್ತೆ, ಕೆಳಗೆ ಬರೆದಿದ್ದೀನಿ. ಮೇಲಂಚು ಮಡಚಿ ಅದರೊಳಗೆ ಹಗ್ಗ ಹಾಯಿಸೋ ವಿಧಾನ ನೋಡಿದ್ರೆ ಸುಲಭ ಅನಿಸುತ್ತೆ. ಆದ್ರೆ ಮಡಿಕೆಗೆ ಒಂದು ಇಂಚು ಸೇರಿಸಿದ್ರೆ ನೆಟ್ಟಗೆ-ತಲೆಕೆಳಗು ಜೋಡಣೆ ಕೂರೋದಿಲ್ಲ, ಬಟ್ಟೆ ವ್ಯರ್ಥ. ಬಾವುಟಗಳೂ ಹಗ್ಗದ ಮೇಲೆ ಜಾರಿ ಮಧ್ಯಕ್ಕೆ ಗುಂಪಾಗುತ್ತವೆ.

ದಬ್ಬಳ
ಲಾಡಿ ಬೇಡ, ಕ್ರಾಸ್ ಪಟ್ಟಿ ರೆಡಿ ಸಿಗುತ್ತಲ್ಲ, ಮಡಚಿಯೇ ಬರುತ್ತೆ.

ಕತ್ತರಿ_ಕಾಮಾಕ್ಷಿ
ಕ್ರಾಸ್ ಪಟ್ಟಿ ಎಳೆಯುತ್ತೆ ರೀ! ಕತ್ತಿನ ಬಳಸಿಗೆ, ತೋಳಿನ ಸುತ್ತಿಗೆ ಅದು ಬೇಕು, ಬಗ್ಗೋದಕ್ಕೆ ಅಂತಲೇ ಓರೆಯಾಗಿ ಕತ್ತರಿಸಿರ್ತಾರೆ. 10 ಮೀಟರ್ ನೇರ ಸಾಲಿನಲ್ಲಿ 44 ಬಾವುಟದ ಭಾರ ಹಾಕಿದ್ರೆ ಎರಡೇ ದಿನಕ್ಕೆ ಹೊಟ್ಟೆ ಬಿಡುತ್ತೆ. ನೇರ ನೇಯ್ದ ಲಾಡಿ ಹಿಗ್ಗೋದಿಲ್ಲ.

ದಬ್ಬಳ
ಮಧ್ಯೆ ಮೂರು ಮೀಟರಿಗೊಂದು ಕಡೆ ಕಟ್ಟಿದ್ರೆ ಯಾವುದೂ ಹೊಟ್ಟೆ ಬಿಡಲ್ಲ. ಆದ್ರೆ ಹೇಳಿದ್ದು ಸರಿ.

ಹತ್ತಿಮರ
ಸುತಳಿಯೂ ಬೇಡ. ಎಳೆ ಉದುರುತ್ತೆ, ತಿರುಚಿಕೊಂಡು ಬಾವುಟಗಳನ್ನ ತನಗೇ ಸುತ್ತಿಕೊಳ್ಳುತ್ತೆ. ನೈಲಾನ್ ಹಗ್ಗದಲ್ಲಿ ಗಂಟು ನಿಲ್ಲೋದಿಲ್ಲ.

ಕತ್ತರಿ_ಕಾಮಾಕ್ಷಿ
ಸೂಜಿ ವಿಚಾರ. ಏಳೆಂಟು ವರ್ಷಕ್ಕೆ ಕೊಡಬಹುದು, ಆರು ಮಕ್ಕಳಿಗೆ ಒಬ್ಬ ದೊಡ್ಡವರು ಇದ್ರೆ. ದೊಡ್ಡ ಕಣ್ಣಿನ ಕಸೂತಿ ಸೂಜಿ ತಗೊಳ್ಳಿ. ಉಲ್ಲನ್ ಕೆಲಸದ ಮೊಂಡು ಸೂಜಿ ಸುರಕ್ಷಿತ ಅನಿಸುತ್ತೆ, ಆದ್ರೆ ಪಾಪ್ಲಿನ್ನಿನೊಳಗೆ ಇಳಿಯೋದೇ ಇಲ್ಲ. ಮಕ್ಕಳು ಬಲ ಹಾಕಿ ಒತ್ತಿ, ಜಾರಿ, ಇನ್ನೊಂದು ಕೈಗೆ ಚುಚ್ಚಿಕೊಳ್ತಾರೆ. ದಾರ ಮೊಳಕೈಯಿಂದ ಬೆರಳ ತುದಿಯಷ್ಟು ಉದ್ದ, ಅದಕ್ಕಿಂತ ಜಾಸ್ತಿ ಆದ್ರೆ ಬರೀ ಸಿಕ್ಕು. ಕಾಲು ಇಂಚಿನ ರನ್ನಿಂಗ್ ಹೊಲಿಗೆ (ಮೇಲೆ-ಕೆಳಗೆ ಹೋಗೋ ಸಾದಾ ಹೊಲಿಗೆ), ಶುರುವಿಗೂ ಕೊನೆಗೂ ಒಂದೇ ಜಾಗದಲ್ಲಿ ಎರಡು ಸಲ ಹಿಂದೆ ಹೊಲಿಗೆ. ಗಂಟು ಮಾತ್ರ ನಂಬಬೇಡಿ, ಲಾಡಿಯ ಸಡಿಲ ನೇಯ್ಗೆಯೊಳಗಿಂದ ಅದು ಜಾರಿ ಬರುತ್ತೆ. ಗಂಜಿ ಹಾಕಿದ ಅಂಚು ಸೂಜಿಗೆ ಗಟ್ಟಿ ಅನಿಸಿದ್ರೆ ಒದ್ದೆ ಬೆರಳು ಒಂದು ಸಲ ಎಳೆದ್ರೆ ಸಾಕು, ಮೆತ್ತಗಾಗುತ್ತೆ.

ಎಣಿಕೆ ಮಾಡಿ ನೋಡಿ: 132 ಬಾವುಟ ಎಲ್ಲವನ್ನೂ ಮಕ್ಕಳೇ 80 ನಿಮಿಷದಲ್ಲಿ ಕತ್ತರಿಸಿ ಹೊಲಿಯೋದು ಆಗದ ಮಾತು. ಮಗುವಿಗೆ ಒಂದೊಂದು ಬಾವುಟ ಕೈ ಹೊಲಿಗೆ, ಉಳಿದ ನೂರು ಮಷೀನಿಗೆ.

ಕೂಟದ_ಕಾರ್ಯದರ್ಶಿ
ಹೊರದೇಶದ ಕನ್ನಡ ಕೂಟಗಳಲ್ಲಿ ಐದು ವರ್ಷಕ್ಕಿಂತ ಚಿಕ್ಕ ಮಕ್ಕಳೂ ಬಂದು ಕೂರ್ತಾರೆ, ಅವರಿಗೆ ಸೂಜಿ ಆಗೋದಿಲ್ಲ. ಅವರಿಗೊಂದು ದಾರಿ: ಹಳದಿ, ಕೆಂಪು ಬಟ್ಟೆಯನ್ನ ಒಂದು ಇಂಚು ಅಗಲ, 10 ಇಂಚು ಉದ್ದದ ಚಿಂದಿಯಾಗಿ ಹರಿದು ಕೊಡಿ. ಚಿಂದಿಯನ್ನ ಅರ್ಧ ಮಡಚಿ ಹಗ್ಗದ ಹಿಂದೆ ಹಿಡಿದು, ಎರಡೂ ತುದಿಯನ್ನ ಮಡಿಕೆಯ ಕುಣಿಕೆಯೊಳಗೆ ಎಳೆದ್ರೆ ಆಯ್ತು. ಗಂಟೂ ಬೇಡ, ಅಂಟೂ ಬೇಡ. ಒತ್ತಾಗಿ ಹಾಕಿದ್ರೆ ಒಂದು ಅಡಿಗೆ ಸುಮಾರು 20 ಚಿಂದಿ ಹಿಡಿಯುತ್ತೆ, ಬಟ್ಟೆ ಜಾಸ್ತಿ ಬೇಕು. ಇಲ್ಲಿ ಫೆಲ್ಟ್ (ನೇಯದೆ ಎಳೆಗಳನ್ನ ಒತ್ತಿ ಮಾಡಿದ ದಪ್ಪ ಬಟ್ಟೆ) ಸುಲಭವಾಗಿ ಸಿಗುತ್ತೆ, ಅದರ ಅಂಚು ಬಿಚ್ಚೋದೇ ಇಲ್ಲ. ಆದ್ರೆ ಭಾರ ಜಾಸ್ತಿ.

ಹಳೇಪೇಟೆ_67
ಅಂಟಲ್ಲಿ ಮಾಡೋದಾದ್ರೆ?

ಬಣ್ಣದ_ಡಬ್ಬಿ
6 ಇಂಚು ಅಗಲ, 16 ಇಂಚು ಉದ್ದದ ವಜ್ರಾಕೃತಿ ಕತ್ತರಿಸಿ ಲಾಡಿಯ ಮೇಲೆ ಮಡಚಿ, ಒಳಗೆ ಬಿಳಿ ಅಂಟು. ಅಂಟನ್ನ ಬ್ರಶ್ಶಲ್ಲಿ ತೆಳ್ಳಗೆ ಅಂಚಿಗೆ ಮಾತ್ರ ಹಚ್ಚಿಸಿ, ಡಬ್ಬಿಯಿಂದ ಸುರಿದ್ರೆ ಬಟ್ಟೆಯ ಆಚೆ ಬದಿಗೆ ಒದ್ದೆ ಕಲೆ ಹಾಯುತ್ತೆ, ಒಣಗಿದ ಮೇಲೂ ಹೊಳೆಯುತ್ತೆ. ಮಧ್ಯೆ ಪ್ಲಾಸ್ಟಿಕ್ ಹಾಳೆ ಇಡದಿದ್ರೆ ಬಾವುಟ ಬೆಂಚಿಗೆ ಅಂಟುತ್ತೆ. ನೀರು ತಾಗಿದ್ರೆ ಬಿಟ್ಟುಕೊಳ್ಳುತ್ತೆ. ಬಿಸಿ ಅಂಟಿನ ಗನ್ ಈ ವಯಸ್ಸಿಗೆ ಬೇಡವೇ ಬೇಡ. ಬಟ್ಟೆಯಂತೂ ಎರಡರಷ್ಟು ಬೇಕು.

ಅಕ್ಷರಪ್ರೇಮಿ
ಒಂದು ಸಾಲಲ್ಲಾದ್ರೂ ಅಕ್ಷರ ಇರಲಿ. "ಕನ್ನಡ ರಾಜ್ಯೋತ್ಸವ" ಅಂದ್ರೆ ಏಳು ಬಾವುಟ: ಕ, ನ್ನ, ಡ, ರಾ, ಜ್ಯೋ, ತ್ಸ, ವ. ನಡುವೆ ಒಂದು ಖಾಲಿ. ಆದ್ರೆ ತ್ರಿಕೋನದಲ್ಲಿ ಬರೆಯೋಕೆ ಹೋಗಬೇಡಿ. ನಮ್ಮ ಒತ್ತಕ್ಷರ ಕೆಳಗೆ ಬರುತ್ತೆ, ತ್ರಿಕೋನ ಕಿರಿದಾಗೋದೂ ಕೆಳಗೇ. "ತ್ಸ"ದ ಸ-ಒತ್ತು ತುದಿಯಲ್ಲಿ ಹಿಡಿಸೋದೇ ಇಲ್ಲ, ಅದಕ್ಕೆ ಅಂತ ಅಕ್ಷರ ಚಿಕ್ಕದು ಮಾಡಿದ್ರೆ ದೂರಕ್ಕೆ ಕಾಣೋದಿಲ್ಲ. ಈ ಸಾಲಿಗೆ 8 ಇಂಚು ಅಗಲ, 10 ಇಂಚು ಉದ್ದದ ಆಯತ ಕತ್ತರಿಸಿ. ಬೇಕಿದ್ರೆ ಕೆಳಗೆ ಮೀನಿನ ಬಾಲದ ಹಾಗೆ ಎರಡು ಇಂಚು ಒಳಗೆ ಕಚ್ಚು ಕೊಡಿ. "ಜ್ಯೋ" ಎಲ್ಲಕ್ಕಿಂತ ಅಗಲ. ಅದನ್ನ ಮೊದಲು ಕಾಗದದಲ್ಲಿ ಬರೆದು ಅದಕ್ಕೆ ಹೊಂದಿಸಿ ಉಳಿದವನ್ನ ಬರೆಯಿರಿ.

ಎಲ್ಲ ಅಕ್ಷರದ ತಲೆಕಟ್ಟು ಒಂದೇ ಎತ್ತರಕ್ಕೆ, ಮೇಲಂಚಿನಿಂದ 2 ಇಂಚು ಕೆಳಗೆ ಗೆರೆ ಎಳೆದು ಅಲ್ಲಿಗೆ ಕೂರಿಸಿ. ಒತ್ತು ಇರೋ ಅಕ್ಷರವನ್ನ ಮೇಲಕ್ಕೆ ತಳ್ಳಿ ನಡುವೆ ಕೂರಿಸೋಕೆ ಹೋದ್ರೆ ದೂರದಿಂದ ಸಾಲು ಕುಣಿಯುತ್ತೆ.

ಮೂರನೇ_ಬೆಂಚು
ಅಕ್ಷರ ಬಣ್ಣದಲ್ಲಿ ಬರೆಯೋದಾ, ಬಟ್ಟೆಯಲ್ಲಿ ಕತ್ತರಿಸಿ ಅಂಟಿಸೋದಾ?

ಅಕ್ಷರಪ್ರೇಮಿ
ಕತ್ತರಿಸಿದ್ದು ಚೆಂದ. ಟೈಲರ್ ಅಂಗಡಿಯಲ್ಲಿ ಕಾಲರಿಗೆ ಹಾಕೋ ಪೇಸ್ಟಿಂಗ್ ಬಟ್ಟೆ ಇರುತ್ತಲ್ಲ, ಇಸ್ತ್ರಿಗೆ ಅಂಟೋದು. ಎರಡೂ ಬದಿ ಅಂಟೋದು ಕೇಳಿ ತಗೊಳ್ಳಿ. ಹಿಂಬದಿಗೆ ಅಕ್ಷರ ಬರೆಯುವಾಗ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಬರೆಯಬೇಕು. ಕಾಗದದಲ್ಲಿ ಬರೆದು ಕಿಟಕಿ ಗಾಜಿಗೆ ಉಲ್ಟಾ ಹಿಡಿದು ನಕಲು ಮಾಡಿದ್ರೆ ತಲೆನೋವಿಲ್ಲ. ಒತ್ತು ಬಿಡಿ ತುಂಡಾಗಿರುತ್ತೆ, ಕಳೆದುಹೋಗದ ಹಾಗೆ ಪ್ರತಿ ಅಕ್ಷರಕ್ಕೆ ಒಂದು ಲಕೋಟೆ.

ಹತ್ತಿಮರ
ಇಸ್ತ್ರಿ ದೊಡ್ಡವರು ಮಾಡಲಿ ಅಂತ ಹೇಳಬೇಕಾಗಿಲ್ಲ ಅಂದ್ಕೊಳ್ತೀನಿ.

ಕತ್ತರಿ_ಕಾಮಾಕ್ಷಿ
ಕಟ್ಟುವಾಗ ಫ್ಯಾನಿನ ಕೊಕ್ಕೆಗೆ, ವೈರ್ ಪೈಪಿಗೆ ಕಟ್ಟಬೇಡಿ. ಕಿಟಕಿ ಸರಳು, ಪರದೆ ಕಂಬಿ ಸಾಕು. ಕಟ್ಟೋ ಮುಂಚೆ ಸಾಲನ್ನ ನೆಲದ ಮೇಲೆ ಬಿಡಿಸಿ ಹಳದಿ-ಕೆಂಪು ಸರದಿ ಒಮ್ಮೆ ಎಣಿಸಿ. ಮಧ್ಯೆ ಎರಡು ಹಳದಿ ಒಟ್ಟಿಗೆ ಬಂದಿದ್ದು ಮೇಲೆ ಹೋದ ಮೇಲೇ ಕಣ್ಣಿಗೆ ಬೀಳುತ್ತೆ.

ಮೂರನೇ_ಬೆಂಚು
ತುಂಬ ಉಪಕಾರ ಆಯ್ತು. ಬೇಕಾದ್ದು ಹೀಗೆ ಬರೆದುಕೊಂಡಿದ್ದೀನಿ: ಎರಡು ಬಣ್ಣದ ಪಾಪ್ಲಿನ್ ಒಂದೂ ಮುಕ್ಕಾಲು ಮೀಟರ್ ಒಂದೊಂದು, ಲಾಡಿ 30 ಮೀಟರ್, ಮೈದಾ, ಕಸೂತಿ ಸೂಜಿ 10, ಎರಡು ರೀಲು ದಾರ, ಫ್ಯಾಬ್ರಿಕ್ ಪೇಂಟ್ ಕೆಂಪು-ಬಿಳಿ, ಬೆಂಡೆಕಾಯಿ ಅರ್ಧ ಕೆಜಿ. ಅಕ್ಷರದ ಏಳು ಆಯತಕ್ಕೆ ಬೇರೆ ಬಟ್ಟೆ ಬೇಕಾ?

ದಬ್ಬಳ
ಬೇಕು. 36 ಪನ್ನದಲ್ಲಿ 8 ಇಂಚಿನವು ಅಡ್ಡಕ್ಕೆ ನಾಲ್ಕು, ಏಳಕ್ಕೆ ಎರಡು ಸಾಲು, 20 ಇಂಚು. ಹಳದಿ ಅರ್ಧ ಮೀಟರ್ ಅಂದ್ರೆ 19.7 ಇಂಚು, ಕೂದಲೆಳೆಯಲ್ಲಿ ಸಾಲದು. 60 ಸೆಂಟಿಮೀಟರ್ ಕೇಳಿ. ಅಕ್ಷರಕ್ಕೆ ಕೆಂಪು ಅಷ್ಟೇ ಬೇಡ, ನಿಮ್ಮ ಒಂದೂ ಮುಕ್ಕಾಲು ಮೀಟರಲ್ಲಿ ಉಳಿದ ಪಟ್ಟಿ ಸಾಕು.

ಗರಗದ_ದಾರಿ
ಬೆಂಡಿಕಾಯಿ ಅರ್ಧ ಕೆಜಿ ಯಾಕ್ರೀ? ಹತ್ತು ಕಾಯಿ ಸಾಕಲ್ಲ. ಉಳದದ್ದು ಪಲ್ಯಕ್ಕ ಅನ್ರಿ.

ಹಳೇಪೇಟೆ_67
ಮುಗಿದ ಮೇಲೆ ಎತ್ತಿಡೋದು ಹೇಗೆ? ಗಂಜಿ ಬಟ್ಟೆಗೆ ಹುಳ ಬರುತ್ತೆ ಅಂತಲೇ ನಾನು ಮೈಲುತುತ್ತ ಅಂದಿದ್ದು.

ಹತ್ತಿಮರ
ಅದಕ್ಕೆ ಗಂಜಿ ಹಾಗೇ ಇಡಬಾರದು. ಜಿರಳೆ, ಬೆಳ್ಳಿಹುಳ ಎರಡೂ ಗಂಜಿಯ ವಾಸನೆಗೇ ಬರುತ್ತವೆ. ತೋರಣ ಇಳಿಸಿದ ಮೇಲೆ ತಣ್ಣೀರಲ್ಲಿ ಅರ್ಧ ಗಂಟೆ ನೆನೆಸಿ ಗಂಜಿ ಬಿಡಿಸಿ, ಪೂರ್ತಿ ಒಣಗಿಸಿ, ರಟ್ಟಿನ ಕೊಳವೆಗೆ ಸುತ್ತಿ ಹಳೇ ದಿಂಬಿನ ಚೀಲದಲ್ಲಿಡಿ. ಮುದ್ದೆ ಮಾಡಿ ತುರುಕಿದ್ರೆ ಮುಂದಿನ ವರ್ಷ ಸಿಕ್ಕು ಬಿಡಿಸೋದಕ್ಕೇ ಒಂದು ಶನಿವಾರ ಬೇಕು. ಮುಂದಿನ ಸಲ ಕಟ್ಟುವಾಗ ಗಟ್ಟಿ ಗಂಜಿ ಬೇಡ, ಕತ್ತರಿಸೋದು ಇರೋದಿಲ್ಲವಲ್ಲ, ತೆಳು ಗಂಜಿ ಸಿಂಪಡಿಸಿ ಇಸ್ತ್ರಿ ಮಾಡಿದ್ರೆ ಆಯ್ತು.

ಸುಮ್ನೆ_ಓದುಗ
ತೊಳೆದಾಗ ಅಂಚು ಬಿಚ್ಚಲ್ವಾ ಹಾಗಾದ್ರೆ?

ಕತ್ತರಿ_ಕಾಮಾಕ್ಷಿ
ಬಿಚ್ಚುತ್ತೆ, ಆದ್ರೆ ಅಷ್ಟಿಲ್ಲ. ತ್ರಿಕೋನದ ಎರಡು ಓರೆ ಅಂಚುಗಳು ಎಳೆಗೆ ಓರೆಯಾಗಿ ಕತ್ತರಿಸಿದ್ದು, ನೇರ ಅಂಚಿನಷ್ಟು ಬಿಚ್ಚೋದಿಲ್ಲ. ನೇರ ಅಂಚು ಲಾಡಿಯೊಳಗಿದೆ. ಅಕ್ಷರದ ಆಯತಗಳದ್ದು ಮಾತ್ರ ನೇರ ಅಂಚು, ಅವಕ್ಕೆ ನಿಮ್ಮ ಜಿಗ್‌ಜ್ಯಾಗ್ ಕತ್ತರಿ ಓಡಿಸಿ. ಮಷೀನಲ್ಲಿ ತೊಳೆಯಬೇಡಿ, ಕೈಯಲ್ಲಿ ಜಾಲಿಸಿ ಸಾಕು.